ಆ್ಯಪ್ ಮಾಡೋಕೆ ಯಾವ ಕಂಪ್ಯೂಟರ್, ಯಾವ ಓಎಸ್: ಏಳು ತಿಂಗಳ ನನ್ನ ಅನುಭವ

ಮೊನ್ನೆ ರಾತ್ರಿ ಹತ್ತೂಕಾಲಿಗೆ ನನ್ನ ಮೊದಲ ಆ್ಯಪ್‌ಗೆ ಎರಡನೇ ಸ್ಟೋರ್‌ನಿಂದ್ಲೂ ಒಪ್ಪಿಗೆ ಬಂತು. ಆಂಡ್ರಾಯ್ಡ್‌ನಲ್ಲಿ ಮೂರು ವಾರದ ಹಿಂದೇನೇ ಬಂದಿತ್ತು, ಈಗ ಐಫೋನ್‌ನಲ್ಲೂ ಆಯ್ತು. ಆ್ಯಪ್ ಬರೆಯೋಕೆ ಹಿಡಿದಿದ್ದು ಸುಮಾರು ಮೂರು ತಿಂಗಳು. ಆದ್ರೆ ಯಾವ ಕಂಪ್ಯೂಟರು, ಯಾವ ಆಪರೇಟಿಂಗ್ ಸಿಸ್ಟಮ್ಮು, ಎಷ್ಟು ದುಡ್ಡು ಹಾಕ್ಬೇಕು ಅನ್ನೋದ್ರಲ್ಲೇ ಇನ್ನೊಂದು ನಾಲ್ಕು ತಿಂಗಳು ಕಳೀತು. ಹಿಂದೆ ಬರೋರಿಗೆ ಆ ನಾಲ್ಕು ತಿಂಗಳಾದ್ರೂ ಉಳೀಲಿ ಅಂತ, ಎಲ್ಲಾ ನೆನಪಿರೋವಾಗ್ಲೇ ಬರೀತಿದೀನಿ.

ನಾನು ಕಂಪ್ಯೂಟರ್ ಓದಿದೋಳಲ್ಲ, ಲೆಕ್ಕಪತ್ರದ ಕೆಲಸ. ಎರಡು ವರ್ಷದಿಂದ ಸಂಜೆ ಹೊತ್ತು ಕೂತು ಪ್ರೋಗ್ರಾಮಿಂಗ್ ಕಲೀತಿದ್ದೆ. ನಮ್ಮತ್ತಿಗೆ ಮನೇಲೇ ಹೊಲಿಗೆ ಕೆಲಸ ಮಾಡ್ತಾರೆ, ಅವ್ರ ಜೊತೆ ಇನ್ನಿಬ್ರು ಹುಡುಗೀರು ಇದಾರೆ. ಗಿರಾಕಿಗಳ ಅಳತೆ ಎಲ್ಲಾ ಒಂದೇ ನೋಟ್‌ಬುಕ್‌ನಲ್ಲಿ, ಭುಜ, ಎದೆ, ಸೊಂಟ, ತೋಳಿನ ಉದ್ದ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಚಿಕ್ಕ ಗುರುತು. ಒಂದಿನ ಇಸ್ತ್ರಿಗೆ ಅಂತ ಇಟ್ಟಿದ್ದ ನೀರು ಚೆಲ್ಲಿ ಇಪ್ಪತ್ತು ಪುಟ ಒಂದಕ್ಕೊಂದು ಅಂಟ್ಕೊಂಡ್ಬಿಟ್ವು. ಅವತ್ತು ಅತ್ತಿಗೆ ಮುಖ ನೋಡಿ ಇದನ್ನ ಫೋನಿಗೆ ಹಾಕ್ಲೇಬೇಕು ಅಂತ ತೀರ್ಮಾನ ಮಾಡಿದೆ.

ಇಲ್ಲೇ ನನ್ನ ಮೊದಲ್ನೇ ತಪ್ಪು ಶುರುವಾಗಿದ್ದು. ಯಾರ ಯಾರ ಕೈಲಿ ಯಾವ ಫೋನ್ ಇದೆ ಅಂತ ಕೇಳೋ ಬದ್ಲು ನೇರವಾಗಿ ಲ್ಯಾಪ್‌ಟಾಪ್ ಹುಡುಕೋಕೆ ಕೂತೆ. ಮೂರು ವಾರ ಬರೀ ಪಟ್ಟಿ, ಪ್ರೊಸೆಸರ್ ಹೆಸರು, ಕೋರ್ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಬೇಕಾ ಬೇಡ್ವಾ, ಹೀಗೇ ಹದಿನಾಲ್ಕು ಲ್ಯಾಪ್‌ಟಾಪ್‌ಗಳ ಒಂದು ದೊಡ್ಡ ಎಕ್ಸೆಲ್ ಹಾಳೆ ಆಯ್ತು. ಕೇಳಿದೋರೆಲ್ಲಾ ಒಂದೊಂದು ಹೇಳಿದ್ರು. ಆಫೀಸಲ್ಲಿ ಒಬ್ರು "ಮ್ಯಾಕ್ ಇಲ್ದೆ ಆ್ಯಪ್ ಕೆಲಸಕ್ಕೆ ಕೈ ಹಾಕ್ಬೇಡಿ ಮೇಡಂ" ಅಂದ್ರು, ತಮ್ಮ "ಅಕ್ಕ, ಲಿನಕ್ಸ್ ಹಾಕ್ಕೋ, ಪುಕ್ಕಟೆ" ಅಂದ, ಇನ್ನೊಬ್ರು ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂದ್ರು. ಮೂವರೂ ಅವರವರ ಕೆಲಸಕ್ಕೆ ಸರಿಯಾಗೇ ಹೇಳಿದ್ರು, ನನ್ನ ಕೆಲಸ ಏನು ಅಂತ ನಾನೇ ಅವ್ರಿಗೆ ಹೇಳಿರ್ಲಿಲ್ಲ. ಗ್ರಾಫಿಕ್ಸ್ ಕಾರ್ಡ್ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ, ಅಳತೆ, ಲೆಕ್ಕ, ಪಟ್ಟಿ, ಫೋಟೋ ಈ ಥರ ಸಾಮಾನ್ಯ ಆ್ಯಪ್ ಮಾಡೋಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಅದಕ್ಕೆ ಹಾಕೋ ದುಡ್ಡು ರ‍್ಯಾಮ್‌ಗೆ ಹಾಕಿ.

ಕೊನೆಗೆ ಮನೇಲಿದ್ದ ಹಳೇ ಲ್ಯಾಪ್‌ಟಾಪಲ್ಲೇ ಶುರು ಮಾಡೋಣ ಅನ್ಕೊಂಡೆ. ಇಂಟೆಲ್ ಏಳನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಹಳೇ ತಿರುಗೋ ಹಾರ್ಡ್ ಡಿಸ್ಕ್, ವಿಂಡೋಸ್ 10. ಆಂಡ್ರಾಯ್ಡ್ ಸ್ಟುಡಿಯೋ, ಅಂದ್ರೆ ಆಂಡ್ರಾಯ್ಡ್ ಆ್ಯಪ್ ಬರೆಯೋಕೆ ಗೂಗಲ್ ಕೊಡೋ ಸಾಫ್ಟ್‌ವೇರ್, ಬರೀ ಓಡೋಕೆ ಕನಿಷ್ಠ 8 ಜಿಬಿ ರ‍್ಯಾಮ್ ಸಾಕು, ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಓಡೋ ಫೋನು) ಜೊತೆಗೆ ಅಂದ್ರೆ 16 ಬೇಕು ಅಂತ ಅವ್ರ ಪುಟದಲ್ಲೇ ಬರ್ದಿದಾರೆ. ನಾನು ಮೊದಲ್ನೇ ಸಾಲು ಮಾತ್ರ ಓದಿ ಸಮಾಧಾನ ಪಟ್ಕೊಂಡಿದ್ದೆ.

ಇನ್‌ಸ್ಟಾಲ್ ಆಯ್ತು. ಖಾಲಿ ಪ್ರಾಜೆಕ್ಟ್ ಒಂದು ತೆರೆದೆ. ಕೆಳಗಡೆ ಗ್ರೇಡಲ್ ಸಿಂಕ್ ಅಂತ ಸಣ್ಣ ಪಟ್ಟಿ ಓಡೋಕೆ ಶುರುವಾಯ್ತು. ಗ್ರೇಡಲ್ ಅಂದ್ರೆ ನಮ್ಮ ಕೋಡ್‌ನ ಆ್ಯಪ್ ಆಗಿ ಕಟ್ಟಿಕೊಡೋ ಸಾಧನ, ಮೊದಲ್ನೇ ಸಲ ಬೇಕಾದ ಲೈಬ್ರರಿ ಎಲ್ಲಾ ಇಂಟರ್‌ನೆಟ್‌ನಿಂದ ಇಳಿಸ್ಕೊಳ್ಳುತ್ತೆ. ನಲವತ್ತೊಂದು ನಿಮಿಷ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ಪ್ರೊಸೆಸರ್ ಮೂವತ್ತು ಪರ್ಸೆಂಟ್, ಡಿಸ್ಕ್ ಮಾತ್ರ ನೂರಕ್ಕೆ ನೂರು, ಕೆಂಪಗೆ ನಿಂತೇ ಇತ್ತು. ನಾನು ಮೂರು ವಾರ ಪ್ರೊಸೆಸರ್ ಹೋಲಿಸಿದ್ದೆ, ಇಲ್ಲಿ ಪ್ರೊಸೆಸರ್ ಸುಮ್ನೆ ಕೂತು ಡಿಸ್ಕಿಗೆ ಕಾಯ್ತಿತ್ತು. ನೀವೂ ಹಳೇ ಮಷೀನಲ್ಲಿದ್ರೆ ಹೊಸದು ತಗೊಳ್ಳೋ ಮುಂಚೆ ಒಂದ್ಸಲ ಬಿಲ್ಡ್, ಅಂದ್ರೆ ಕೋಡ್‌ನ ಆ್ಯಪ್ ಆಗಿ ಕಟ್ಟೋ ಕೆಲಸ, ಓಡಿಸಿ ಅದೇ ಪರದೆ ನೋಡಿ, ಡಿಸ್ಕಾ, ಮೆಮೊರಿನಾ, ಪ್ರೊಸೆಸರಾ, ಯಾವುದು ತುಂಬಿದೆ ಅಂತ ಅದೇ ಹೇಳುತ್ತೆ. ದುಡ್ಡು ಅಲ್ಲಿಗೆ ಹೋಗ್ಬೇಕು.

ಆಮೇಲೆ ಎಮ್ಯುಲೇಟರ್. ಒತ್ತಿದ ತಕ್ಷಣ ವಿಟಿ-ಎಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನ ಓಡಿಸೋಕೆ ಪ್ರೊಸೆಸರ್‌ನಲ್ಲಿರೋ ಸೌಲಭ್ಯ) ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗಿನ ಸೆಟ್ಟಿಂಗ್ಸ್) ಆಫ್ ಇದೆ ಅಂತ ಎರರ್. ಲ್ಯಾಪ್‌ಟಾಪೇ ಹಳೇದು ಅದಕ್ಕೇ ಆಗಲ್ಲ ಅನ್ಕೊಂಡು ಅವತ್ತು ಬೇಜಾರಲ್ಲಿ ಮುಚ್ಚಿಟ್ಟು ಮಲಗ್ದೆ. ಮಾರನೇ ದಿನ ತಮ್ಮ ಫೋನಲ್ಲೇ ಹೇಳ್ಕೊಟ್ಟ, ಆನ್ ಮಾಡುವಾಗ ಬಯೋಸ್‌ಗೆ ಹೋಗಿ ವರ್ಚುವಲೈಸೇಷನ್ ಅಂತ ಇರೋದನ್ನ ಎನೇಬಲ್ ಮಾಡ್ಬೇಕು ಅಂತ. ಎಎಂಡಿ ಪ್ರೊಸೆಸರ್ ಇರೋರಿಗೆ ಅದು ಎಸ್‌ವಿಎಂ ಅನ್ನೋ ಹೆಸರಲ್ಲಿ ಇರುತ್ತೆ. ಇನ್ನೊಂದು, ಹಳೇ ಲೇಖನಗಳಲ್ಲಿ ಎಮ್ಯುಲೇಟರ್ ಬೇಗ ಓಡೋಕೆ ಎಚ್‌ಎಎಕ್ಸ್‌ಎಂ ಅನ್ನೋ ಸಾಫ್ಟ್‌ವೇರ್ ಹಾಕಿ ಅಂತ ಇರುತ್ತೆ, ಅದನ್ನ ಇಂಟೆಲ್ 2023ರಲ್ಲೇ ನಿಲ್ಲಿಸಿದೆ, ಅದ್ರ ಹಿಂದೆ ಹೋಗ್ಬೇಡಿ, ವಿಂಡೋಸ್‌ನಲ್ಲಿ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಅನ್ನೋ ಫೀಚರ್ ಆನ್ ಮಾಡಿದ್ರೆ ಆಯ್ತು. ಎಮ್ಯುಲೇಟರ್ ಏನೋ ಓಡ್ತು, ಆದ್ರೆ 8 ಜಿಬೀಲಿ ಸ್ಟುಡಿಯೋ, ಗ್ರೇಡಲ್, ಎಮ್ಯುಲೇಟರ್, ಬ್ರೌಸರ್ ನಾಲ್ಕೂ ಸೇರಿದ್ರೆ ಮೌಸ್ ಬಾಣಾನೇ ಅಲ್ಲಾಡಲ್ಲ.

ಸರಿ, ಎಮ್ಯುಲೇಟರ್ ಬೇಡ, ನನ್ನ ಫೋನಲ್ಲೇ ನೋಡೋಣ ಅಂತ ಸೆಟ್ಟಿಂಗ್ಸ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆ ತೆರೆದು ಯುಎಸ್‌ಬಿ ಡಿಬಗ್ಗಿಂಗ್ (ಕೇಬಲ್ ಮೂಲಕ ಕಂಪ್ಯೂಟರ್‌ನಿಂದ ಫೋನಿಗೆ ಆ್ಯಪ್ ಹಾಕಿ ನೋಡೋ ಸೌಲಭ್ಯ) ಆನ್ ಮಾಡಿ ಕೇಬಲ್ ಚುಚ್ಚಿದೆ. ಚಾರ್ಜ್ ಆಗ್ತಿದೆ, ಆದ್ರೆ ಸ್ಟುಡಿಯೋದಲ್ಲಿ ಫೋನೇ ಕಾಣಲ್ಲ. ಡ್ರೈವರ್ ಹಾಕ್ದೆ, ತೆಗೆದೆ, ಮತ್ತೆ ಹಾಕ್ದೆ, ರೀಸ್ಟಾರ್ಟ್ ಮಾಡ್ದೆ, ಬೇರೆ ಪೋರ್ಟ್‌ಗೆ ಹಾಕ್ದೆ. ಎರಡು ಸಂಜೆ ಪೂರ್ತಿ ಹೋಯ್ತು. ಕೊನೆಗೆ ಹೊಲಿಗೆ ಮೇಜಿನ ಮೇಲಿದ್ದ ಬೇರೆ ಕೇಬಲ್ ಹಾಕಿದ್ರೆ ಒಂದೇ ಸೆಕೆಂಡಿಗೆ ಫೋನಲ್ಲಿ "ಯುಎಸ್‌ಬಿ ಡಿಬಗ್ಗಿಂಗ್‌ಗೆ ಅನುಮತಿ ಕೊಡ್ಬೇಕಾ" ಅನ್ನೋ ಪ್ರಶ್ನೆ ಬಂತು. ನನ್ನ ಕೇಬಲ್ ಬರೀ ಚಾರ್ಜಿಂಗ್‌ದು, ಅದ್ರಲ್ಲಿ ಡೇಟಾ ಹೋಗೋ ತಂತೀನೇ ಇಲ್ಲ. ಫೋನ್ ಕಾಣ್ಲಿಲ್ಲ ಅಂದ್ರೆ ದಯವಿಟ್ಟು ಮೊದ್ಲು ಕೇಬಲ್ ಬದ್ಲಿಸಿ ನೋಡಿ, ಆಮೇಲೆ ಡ್ರೈವರ್ ವಿಚಾರ. ಆಂಡ್ರಾಯ್ಡ್ 11ರಿಂದ ಮೇಲಿನ ಫೋನಾದ್ರೆ ವೈಫೈ ಮೇಲೂ ಜೋಡಿಸ್ಬಹುದು. ನಿಜವಾದ ಫೋನ್ ಹಾಕಿದ ಮೇಲೆ ಎಷ್ಟೋ ಹಗುರ ಆಯ್ತು, ಎಮ್ಯುಲೇಟರ್ ತಿನ್ನೋ ಮೆಮೊರಿ ಪೂರ್ತಿ ಉಳೀತು.

ಈಗ ಖರ್ಚಿನ ಮಾತು. ಹೊಸ ಲ್ಯಾಪ್‌ಟಾಪ್ ಅಂದ್ರೆ ನಂಗೆ ಎರಡು ತಿಂಗಳ ಸಂಬಳ. ಹಳೇದಕ್ಕೆ 500 ಜಿಬಿ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ದ ವೇಗದ ಡಿಸ್ಕ್), ಇನ್ನೊಂದು 8 ಜಿಬಿ ರ‍್ಯಾಮ್ ಹಾಕೋಕೆ ಅದ್ರಲ್ಲಿ ಹತ್ತನೇ ಒಂದು ಭಾಗಾನೂ ಆಗ್ಲಿಲ್ಲ. ಆದ್ರೆ ರ‍್ಯಾಮ್ ಕೊಳ್ಳೋ ಮುಂಚೆ ಹಿಂದಿನ ಮುಚ್ಚಳ ತೆಗೆದು ನೋಡ್ಲೇಬೇಕು, ಖಾಲಿ ಸ್ಲಾಟ್ ಇದ್ಯಾ, ಡಿಡಿಆರ್3ನಾ ಡಿಡಿಆರ್4ನಾ, ಇಲ್ಲಾ ಬೋರ್ಡಿಗೇ ಬೆಸುಗೆ ಹಾಕಿದಾರಾ ಅಂತ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ತುಂಬಾ ಕಡೆ ಬೆಸುಗೇನೇ, ಅಂಥದ್ರಲ್ಲಿ ಏನೂ ಮಾಡೋಕಾಗಲ್ಲ. ನನ್ನದ್ರಲ್ಲಿ ಅದೃಷ್ಟಕ್ಕೆ ಒಂದು ಸ್ಲಾಟ್ ಖಾಲಿ ಇತ್ತು. ಕೈ ನಡುಗ್ತಿತ್ತು, ರ‍್ಯಾಮ್ ಪಟ್ಟಿ ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದಾಗ ಎರಡೂ ಕಡೆ ಕ್ಲಿಪ್ಪು ಟಕ್ ಅಂತ ಕೂತಿದ್ದು ಇನ್ನೂ ಕಿವೀಲಿದೆ. ಅದೇ ಸಿಂಕ್ ನಲವತ್ತೊಂದು ನಿಮಿಷದಿಂದ ಆರು ನಿಮಿಷಕ್ಕೆ ಇಳೀತು, ಆಮೇಲಿನ ಬಿಲ್ಡ್‌ಗಳು ಒಂದು ನಿಮಿಷದ ಒಳಗೆ. ಅದೇ ಹಳೇ ಪ್ರೊಸೆಸರ್ರೇ.

ಇನ್ನು ಓಎಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಂದ ಮೇಲೆ ಇರ್ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ನನ್ನದು ಏಳನೇದು. ಚೆನ್ನಾಗಿ ಓಡ್ತಿರೋ ಮಷೀನ್ ಒಂದು ತಲೆಮಾರಿನ ವ್ಯತ್ಯಾಸಕ್ಕೆ ಹೊರಗೆ ಉಳೀತಲ್ಲಾ ಅಂತ ಬೇಜಾರಾಯ್ತು. ಆಗ ತಮ್ಮನ ಮಾತು ಕೇಳಿ ಉಬುಂಟು 24.04 ಅನ್ನೋ ಲಿನಕ್ಸ್ ಹಾಕ್ದೆ, ಅದಕ್ಕೆ 2029ರ ತನಕ ಅಪ್‌ಡೇಟ್ ಇದೆ. ಆಫೀಸಿನ ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡೋದ್ರಿಂದ ಅದನ್ನ ಆಫೀಸ್ ಮಷೀನಲ್ಲೇ ಇಟ್ಟೆ. ನಿಮ್ಗೂ ಹಂಗೊಂದು ವಿಂಡೋಸ್ ಸಾಫ್ಟ್‌ವೇರ್ ಇದ್ರೆ ಲಿನಕ್ಸ್‌ಗೆ ಹೋಗೋ ಮುಂಚೆ ಅದ್ರ ಗತಿ ಏನು ಅಂತ ಯೋಚ್ನೆ ಮಾಡಿ.

ಲಿನಕ್ಸ್ ಪುಕ್ಕಟೆ ಹೌದು, ಆದ್ರೆ ಸಮಯ ಕೇಳುತ್ತೆ. ಫೋನ್ ಚುಚ್ಚಿದ್ರೆ ಫೋನ್ ಜೊತೆ ಮಾತಾಡೋ ಎಡಿಬಿ ಅನ್ನೋ ಸಾಧನದಲ್ಲಿ "ನೋ ಪರ್ಮಿಷನ್ಸ್" ಅಂತ ಬಂತು. ಅದಕ್ಕೆ ಯುಡೆವ್ ರೂಲ್ಸ್ (ಚುಚ್ಚಿದ ಸಾಧನನ ಯಾರು ಬಳಸ್ಬಹುದು ಅನ್ನೋ ನಿಯಮ) ಇರೋ ಪ್ಯಾಕೇಜ್ ಹಾಕಿ, ನಮ್ಮ ಯೂಸರ್‌ನ ಪ್ಲಗ್‌ಡೆವ್ ಗುಂಪಿಗೆ ಸೇರಿಸ್ಬೇಕು. ಎಮ್ಯುಲೇಟರ್‌ಗೆ ಕೆವಿಎಂ (ಲಿನಕ್ಸ್‌ನ ವರ್ಚುವಲೈಸೇಷನ್) ಗುಂಪಿಗೆ ಸೇರಿಸ್ಬೇಕು. ಎರಡಕ್ಕೂ ಲಾಗ್‌ಔಟ್ ಆಗಿ ಮತ್ತೆ ಬರ್ಬೇಕು, ಇದು ಗೊತ್ತಿಲ್ದೆ ಅರ್ಧ ದಿನ ಅದೇ ಕಮಾಂಡ್ ಹತ್ತು ಸಲ ಹೊಡೆದೆ. ಕನ್ನಡ ಟೈಪ್ ಮಾಡೋಕೆ ಕಗಪ ಫೊನೆಟಿಕ್ ಕೀಬೋರ್ಡ್ ಒಳಗೇ ಇದೆ, ಬೇರೆ ಏನೂ ಹಾಕ್ಬೇಕಿಲ್ಲ, ಅದು ನಂಗೆ ದೊಡ್ಡ ಖುಷಿ, ಯಾಕಂದ್ರೆ ಆ್ಯಪ್ ಪೂರ್ತಿ ಕನ್ನಡದಲ್ಲೇ ಮಾಡೋದಿತ್ತು. ವಿಂಡೋಸ್ 11 ಓಡೋ ಮಷೀನ್ ಇರೋರು ಲಿನಕ್ಸ್‌ಗೆ ಬರ್ಲೇಬೇಕು ಅಂತೇನಿಲ್ಲ, ಆಂಡ್ರಾಯ್ಡ್ ಕೆಲಸಕ್ಕೆ ಅಲ್ಲಿ ಯಾವುದಕ್ಕೂ ಕೊರತೆ ಇಲ್ಲ. ಪ್ರಾಜೆಕ್ಟ್ ಫೋಲ್ಡರ್‌ನ ಆಂಟಿವೈರಸ್ ಸ್ಕ್ಯಾನ್‌ನಿಂದ ಹೊರಗಿಟ್ರೆ ಬಿಲ್ಡ್ ಇನ್ನೂ ಬೇಗ ಆಗುತ್ತೆ.

ಇಷ್ಟೆಲ್ಲಾ ಮುಗಿದು, ಮೊದಲ ಎರಡು ಪರದೆ ಮಾಡಿ, ಖುಷೀಲಿ ಅತ್ತಿಗೆ ಹತ್ರ ಹೋದೆ. "ಅತ್ತಿಗೆ, ಫೋನ್ ಕೊಡಿ, ಹಾಕ್ಕೊಡ್ತೀನಿ" ಅಂದೆ. ಕೈಗೆ ಕೊಟ್ಟಿದ್ದು ಐಫೋನ್. ಅಣ್ಣ ಎರಡು ತಿಂಗಳ ಹಿಂದೆ ಹೊಸದಾಗಿ ಕೊಡ್ಸಿದ್ನಂತೆ. ಕೆಲಸದ ಹುಡುಗೀರಿಬ್ರದ್ದೂ ಆಂಡ್ರಾಯ್ಡ್, ಅಳತೆ ತಗೊಳ್ಳೋ ಅತ್ತಿಗೇದು ಮಾತ್ರ ಐಫೋನ್. ಆ ಸಂಜೆ ನಂಗೆ ಮಾತೇ ಹೊರಡ್ಲಿಲ್ಲ. ಕಾಟ್ಲಿನ್ ಅನ್ನೋ ಭಾಷೇಲಿ ಬರ್ದಿದ್ದೆಲ್ಲಾ ಆಂಡ್ರಾಯ್ಡ್‌ಗೆ ಮಾತ್ರ. ಯಾರಿಗೆ ಅಂತ ಮಾಡ್ತಿದ್ನೋ ಅವ್ರ ಫೋನಲ್ಲೇ ಓಡಲ್ಲ.

ಒಂದೇ ಕೋಡ್ ಎರಡೂ ಕಡೆ ಓಡ್ಬೇಕು ಅಂತ ಗೂಗಲ್‌ನ ಫ್ಲಟರ್ ಅನ್ನೋ ಸಾಧನಕ್ಕೆ ಬಂದೆ. ರಿಯಾಕ್ಟ್ ನೇಟಿವ್ ಕೂಡ ಆಗ್ತಿತ್ತು, ಜಾವಾಸ್ಕ್ರಿಪ್ಟ್ ಬರೋರಿಗೆ ಅದೇ ಹತ್ರ, ನಂಗೆ ಫ್ಲಟರ್ ಓದೋಕೆ ಸುಲಭ ಅನ್ನಿಸ್ತು. ಬರ್ದಿದ್ದನ್ನ ಮತ್ತೆ ಬರೆಯೋಕೆ ಮೂರು ವಾರ. ಫ್ಲಟರ್ ಡಾಕ್ಟರ್ ಅಂತ ಒಂದು ಕಮಾಂಡ್ ಇದೆ, ಏನು ಸರಿ ಇದೆ ಏನಿಲ್ಲ ಅಂತ ಸಾಲು ಸಾಲಾಗಿ ಹೇಳುತ್ತೆ. ಆಂಡ್ರಾಯ್ಡ್ ಮುಂದೆ ಹಸಿರು ಗುರುತು ಬಂತು, ಐಓಎಸ್, ಅಂದ್ರೆ ಐಫೋನ್ ಓಎಸ್‌ನ ಸಾಲು ಮಾತ್ರ ಬರ್ಲೇ ಇಲ್ಲ. ಅಲ್ಲಿಗೆ ಪೂರ್ತಿ ಅರ್ಥ ಆಯ್ತು. ಕೋಡ್‌ನ ಯಾವ ಓಎಸ್‌ನಲ್ಲಾದ್ರೂ ಬರೀಬಹುದು, ಐಫೋನಿಗೆ ಹೋಗೋ ಆ್ಯಪ್ ಕಟ್ಟೋಕೆ ಮಾತ್ರ ಆಪಲ್‌ನ ಎಕ್ಸ್‌ಕೋಡ್ ಅನ್ನೋ ಸಾಫ್ಟ್‌ವೇರ್ ಬೇಕು, ಎಕ್ಸ್‌ಕೋಡ್ ಮ್ಯಾಕ್ಓಎಸ್‌ನಲ್ಲಿ ಮಾತ್ರ ಓಡುತ್ತೆ. ಆಂಡ್ರಾಯ್ಡ್‌ಗೆ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ನಡೆಯುತ್ತೆ. ಈ ಒಂದು ವ್ಯತ್ಯಾಸದ ಮೇಲೇ ಎಲ್ಲಾ ಖರ್ಚು ನಿಂತಿದೆ, ಇದನ್ನ ಮೊದಲ್ನೇ ದಿನಾನೇ ತಿಳ್ಕೊಂಡಿದ್ರೆ ಆ ಎಕ್ಸೆಲ್ ಹಾಳೇನೇ ಬೇಕಿರ್ಲಿಲ್ಲ.

ಆಮೇಲೆ ಮ್ಯಾಕ್ ಹೇಗೆ ಹೊಂದಿಸೋದು ಅನ್ನೋ ಚಿಂತೆ. ಇರೋ ಲ್ಯಾಪ್‌ಟಾಪ್‌ನಲ್ಲೇ ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ಕಂಪ್ಯೂಟರ್) ಮಾಡಿ ಮ್ಯಾಕ್ಓಎಸ್ ಹಾಕೋದು ತುಂಬಾ ಕಡೆ ಹೇಳಿಕೊಡ್ತಾರೆ, ಆದ್ರೆ ಮ್ಯಾಕ್ಓಎಸ್ ಲೈಸೆನ್ಸ್ ಪ್ರಕಾರ ಆಪಲ್ ಯಂತ್ರದ ಮೇಲೆ ಮಾತ್ರ ಅದನ್ನ ಓಡಿಸ್ಬಹುದು. ಅತ್ತಿಗೆ ಗಿರಾಕಿಗಳ ವಿವರ ಇರೋ ಆ್ಯಪ್‌ನ ಅಂಥ ಅಡಿಪಾಯದ ಮೇಲೆ ಕಟ್ಟೋಕೆ ನಂಗೆ ಮನಸ್ಸು ಬರ್ಲಿಲ್ಲ, ಅದನ್ನ ಅಲ್ಲಿಗೇ ಬಿಟ್ಟೆ.

ಹಳೇ ಮ್ಯಾಕ್ ಕೊಳ್ಳೋಣ ಅಂತ ಹೊರಟಾಗ ಆದ ನಷ್ಟ ಮಾತ್ರ ಇನ್ನೂ ಹೊಟ್ಟೆ ಉರಿಸುತ್ತೆ. ಒಬ್ರು 2017ರ ಮ್ಯಾಕ್‌ಬುಕ್ ಪ್ರೊ ಮಾರ್ತಿದ್ರು, ನೋಡೋಕೆ ಹೊಸದರ ಹಾಗೇ ಇತ್ತು, 16 ಜಿಬಿ ರ‍್ಯಾಮ್. "ಆ್ಯಪ್ ಕೆಲಸಕ್ಕೇ ಬಳಸ್ತಿದ್ದೆ, ಕಣ್ಮುಚ್ಚಿ ತಗೊಳ್ಳಿ" ಅಂದ್ರು. ಮುಂಗಡ ಕೊಟ್ಟು ಮನೆಗೆ ಬಂದು ಓದ್ತಾ ಕೂತೆ. 2025ರ ಏಪ್ರಿಲ್ 24ರಿಂದ ಆ್ಯಪ್ ಸ್ಟೋರ್‌ಗೆ ಕಳಿಸೋ ಆ್ಯಪ್ ಎಕ್ಸ್‌ಕೋಡ್ 16 ಅಥವಾ ಮೇಲಿನದ್ರಲ್ಲೇ ಕಟ್ಟಿರ್ಬೇಕು ಅಂತ ಆಗ ನಿಯಮ ಇತ್ತು. ಎಕ್ಸ್‌ಕೋಡ್ 16ಕ್ಕೆ ಮ್ಯಾಕ್ಓಎಸ್ ಸೊನೋಮಾ 14.5 ಬೇಕು. 2017ರ ಮ್ಯಾಕ್‌ಬುಕ್ ಪ್ರೊ ವೆಂಚುರಾ, ಅಂದ್ರೆ 13ಕ್ಕೇ ನಿಲ್ಲುತ್ತೆ. ಅಂದ್ರೆ ಆ ಮಷೀನಿಂದ ಸ್ಟೋರ್‌ಗೆ ಒಂದು ಆ್ಯಪ್ ಕೂಡ ಕಳಿಸೋಕಾಗಲ್ಲ. ಮಾರೋರಿಗೆ ಫೋನ್ ಮಾಡಿದ್ರೆ ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಕೊಟ್ರು. ಹಂಗಾಗಿ ಹಳೇ ಮ್ಯಾಕ್ ನೋಡೋರು ಹೀಗೆ ಮಾಡಿ: ಮೊದ್ಲು ಆಪಲ್ ಈಗ ಯಾವ ಎಕ್ಸ್‌ಕೋಡ್ ಕೇಳ್ತಿದೆ ನೋಡಿ, ಆ ಎಕ್ಸ್‌ಕೋಡ್‌ಗೆ ಯಾವ ಮ್ಯಾಕ್ಓಎಸ್ ಬೇಕು ನೋಡಿ, ಆ ಮ್ಯಾಕ್ಓಎಸ್ ನಿಮ್ ಮಾಡೆಲ್‌ಗೆ ಬರುತ್ತಾ ನೋಡಿ, ಆಮೇಲೇ ದುಡ್ಡು ಬಿಚ್ಚಿ. ಈ ನಿಯಮ ವರ್ಷ ವರ್ಷ ಮುಂದಕ್ಕೆ ಹೋಗ್ತಾನೇ ಇರುತ್ತೆ. ಅದೂ ಅಲ್ದೆ ಇಂಟೆಲ್ ಮ್ಯಾಕ್‌ಗಳಿಗೆ ಟಾಹೋ, ಅಂದ್ರೆ ಮ್ಯಾಕ್ಓಎಸ್ 26 ಕೊನೇದು ಅಂತ ಆಪಲ್ 2025ರಲ್ಲೇ ಹೇಳಿದೆ. ಹಳೇದೇ ಬೇಕು ಅಂದ್ರೆ 2020ರ ಕೊನೇಲಿ ಬಂದ, ಆಪಲ್‌ನದೇ ಎಂ1 ಚಿಪ್ ಇರೋದು ಅಥವಾ ಅದ್ರ ಮೇಲಿನದು ನೋಡಿ.

ಆ ಏಟಿಗೆ ಸ್ವಲ್ಪ ದಿನ ಮ್ಯಾಕ್ ಸಹವಾಸಾನೇ ಬೇಡ ಅನ್ನಿಸಿ ಕ್ಲೌಡ್ ಕಡೆ ತಿರುಗಿದೆ. ಎರಡು ದಾರಿ ಇದೆ. ದೂರದ ಮ್ಯಾಕ್‌ನ ಬಾಡಿಗೆಗೆ ತಗೊಳ್ಳೋದು ಒಂದು, ಅದು ಮ್ಯಾಕ್ಓಎಸ್ ಲೈಸೆನ್ಸ್ ಪ್ರಕಾರ ಕಡಿಮೆ ಅಂದ್ರೂ 24 ಗಂಟೆಯ ಬಾಡಿಗೆ, ಒಂದು ಗಂಟೆ ಕೆಲಸ ಇದ್ರೂ ಅಷ್ಟೇ. ಇನ್ನೊಂದು ಗಿಟ್‌ಹಬ್ ಆಕ್ಷನ್ಸ್ ಥರದ್ದು, ಕೋಡ್ ಕಳಿಸಿದ್ರೆ ಅವ್ರ ಮ್ಯಾಕ್‌ನಲ್ಲಿ ಕಟ್ಟಿ ಕೊಡುತ್ತೆ. ನಾನು ಬಳಸಿದಾಗ ಪುಕ್ಕಟೆ ಖಾತೆಗೆ ತಿಂಗಳಿಗೆ 2000 ನಿಮಿಷ ಇತ್ತು, ಆದ್ರೆ ಖಾಸಗಿ ಕೋಡ್‌ಗೆ ಮ್ಯಾಕ್‌ನ ಒಂದು ನಿಮಿಷ ಹತ್ತು ನಿಮಿಷದ ಲೆಕ್ಕ, ಅಂದ್ರೆ ಕೈಗೆ ಸಿಗೋದು 200 ನಿಮಿಷ. ನನ್ನ ಒಂದು ಬಿಲ್ಡ್‌ಗೆ ಹದಿನೆಂಟು ನಿಮಿಷ ಹಿಡೀತಿತ್ತು. ಹನ್ನೊಂದು ಬಿಲ್ಡ್‌ಗೆ ತಿಂಗಳೇ ಮುಗೀತು.

ಸರಿಯಾಗಿ ಓಡ್ತಿರೋ ಆ್ಯಪ್‌ನ ಕಟ್ಟಿ ಕಳಿಸೋಕೆ ಕ್ಲೌಡ್ ಒಳ್ಳೇದೇ, ಅದ್ರಲ್ಲಿ ಅನುಮಾನ ಇಲ್ಲ. ನಂಗೆ ತೊಂದ್ರೆ ಆಗಿದ್ದು ತಪ್ಪು ಹುಡುಕೋವಾಗ. ಸೊಂಟದ ಅಳತೆ ತುಂಬೋ ಜಾಗ ಐಫೋನಲ್ಲಿ ಕೀಬೋರ್ಡ್ ಕೆಳಗೆ ಮುಚ್ಚೋಗ್ತಿತ್ತು, ಆಂಡ್ರಾಯ್ಡ್‌ನಲ್ಲಿ ಸರಿ ಇತ್ತು. ನಂಬರ್ ಕೀಬೋರ್ಡಲ್ಲಿ ಮುಗೀತು ಅನ್ನೋ ಬಟನ್ನೇ ಐಫೋನಲ್ಲಿ ಬರಲ್ಲ, ಕೀಬೋರ್ಡ್ ಇಳಿಸೋದು ಹೇಗೆ ಅಂತ ಅತ್ತಿಗೆಗೆ ಗೊತ್ತಾಗಲ್ಲ. ಒಂದು ಸಾಲು ಬದ್ಲಿಸು, ಹದಿನೆಂಟು ನಿಮಿಷ ಕಾಯಿ, ನೋಡು, ಆಗಿಲ್ಲ, ಮತ್ತೆ ಒಂದು ಸಾಲು. ಐಫೋನ್‌ನ ಕಣ್ಣಾರೆ ನೋಡ್ತಾ ತಿದ್ದೋಕೆ ಪಕ್ಕದಲ್ಲೇ ಒಂದು ಮ್ಯಾಕ್ ಬೇಕು ಅನ್ನೋದು ಆ ವಾರ ನಂಗೆ ಖಚಿತ ಆಯ್ತು.

ಮ್ಯಾಕ್‌ಬುಕ್ ತಗೊಳ್ಳೋದಾ ಮ್ಯಾಕ್ ಮಿನಿನಾ (ಪರದೆ, ಕೀಬೋರ್ಡ್ ಇಲ್ದ ಚಿಕ್ಕ ಪೆಟ್ಟಿಗೆ) ಅಂತ ಹೆಚ್ಚು ಯೋಚಿಸ್ಬೇಕಾಗ್ಲಿಲ್ಲ. ಮಾನಿಟರ್, ಕೀಬೋರ್ಡ್, ಮೌಸ್ ಮನೇಲಿದ್ವು, ಹೊತ್ಕೊಂಡು ಓಡಾಡೋ ಕೆಲಸಕ್ಕೆ ಹಳೇ ಲ್ಯಾಪ್‌ಟಾಪ್ ಇತ್ತು, ಹಂಗಾಗಿ ಎಂ4 ಇರೋ ಮ್ಯಾಕ್ ಮಿನಿ. 2024ರ ಅಕ್ಟೋಬರ್‌ನಲ್ಲಿ ಆಪಲ್ ಕಡಿಮೆ ಬೆಲೆಯ ಮಾಡೆಲ್‌ಗೂ 16 ಜಿಬಿ ಮೆಮೊರಿ ಕೊಡೋಕೆ ಶುರು ಮಾಡಿದ್ರಿಂದ ಅದೇ ಸಾಕಾಯ್ತು. ಇದ್ರಲ್ಲಿ ಮೆಮೊರಿ ಆಮೇಲೆ ಹೆಚ್ಚಿಸೋಕೆ ಆಗಲ್ಲ, ಕೊಳ್ಳೋ ದಿನ ತಗೊಂಡಷ್ಟೇ ಕೊನೇ ತನಕ, ಅದಕ್ಕೇ 8 ಜಿಬಿಯ ಹಳೇ ಎಂ1 ಅಗ್ಗಕ್ಕೆ ಸಿಕ್ರೂ ನಾನು ತಗೊಳ್ಲಿಲ್ಲ. ಡಿಸ್ಕ್ 256 ಜಿಬಿ. ಎಕ್ಸ್‌ಕೋಡ್ ಇಳಿಯೋಕೆ ಒಂದು ರಾತ್ರಿ ಪೂರ್ತಿ ಹಿಡೀತು, ಅದು ಮತ್ತೆ ಐಫೋನ್ ಸಿಮ್ಯುಲೇಟರ್ ಸೇರಿ ಹತ್ತಾರು ಜಿಬಿ ನುಂಗ್ಬಿಡ್ತು, ಡಿರೈವ್ಡ್ ಡೇಟಾ ಅನ್ನೋ ಫೋಲ್ಡರ್ ಬೇರೆ ದಿನಾ ಬೆಳೀತಾ ಹೋಗುತ್ತೆ, ಅದನ್ನ ಅಳಿಸಿದ್ರೆ ಏನೂ ಹಾಳಾಗಲ್ಲ, ಮುಂದಿನ ಬಿಲ್ಡ್ ಸ್ವಲ್ಪ ನಿಧಾನ ಅಷ್ಟೇ. ಫೋಟೋ, ಹಳೇ ಫೈಲ್ ಎಲ್ಲಾ ಹೊರಗಿನ ಎಸ್‌ಎಸ್‌ಡಿಗೆ ಹಾಕಿದೀನಿ.

ಮ್ಯಾಕ್‌ನಲ್ಲಿ ಅದೇ ಕೀಬೋರ್ಡ್ ತೊಂದ್ರೆ ಒಂದೇ ಸಂಜೇಲಿ ಸರಿಹೋಯ್ತು. ಮೊದ್ಲೇ ತಗೊಂಡಿದ್ರೆ ಆಗ್ತಿತ್ತಲ್ವಾ ಅಂತ ಅನ್ಸುತ್ತೆ, ಆದ್ರೆ ನಂಗೆ ಈಗ್ಲೂ ಅನ್ನಿಸೋದು, ಆ್ಯಪ್ ಮುಕ್ಕಾಲು ಭಾಗ ಆಗೋ ತನಕ ಮ್ಯಾಕ್ ಕೊಳ್ಳದೆ ಇದ್ದಿದ್ದೇ ಸರಿ. ಮೂರು ತಿಂಗಳಲ್ಲಿ ನಾನು ಈ ಕೆಲಸ ಬಿಡಲ್ಲ ಅಂತ ನಂಗೆ ನಂಬಿಕೆ ಬಂದಿತ್ತು, ಏನು ಬೇಕು ಅಂತಾನೂ ಗೊತ್ತಿತ್ತು.

ಇಲ್ಲೊಂದು ಗೊತ್ತಿರ್ಬೇಕಾದ ವಿಷ್ಯ. ಆಪಲ್‌ಗೆ ದುಡ್ಡು ಕಟ್ಟದೇನೇ, ಸಾಮಾನ್ಯ ಆಪಲ್ ಐಡಿಯಿಂದಾನೇ ಸ್ವಂತ ಐಫೋನ್‌ಗೆ ಆ್ಯಪ್ ಹಾಕಿ ನೋಡ್ಬಹುದು. ಫೋನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ರೀಸ್ಟಾರ್ಟ್ ಮಾಡ್ಬೇಕು, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನಮ್ಮ ಹೆಸರನ್ನ ನಂಬಿಕೆಗೆ ಸೇರಿಸ್ಬೇಕು. ಹಂಗೆ ಅತ್ತಿಗೆ ಫೋನಿಗೆ ಹಾಕ್ಕೊಟ್ಟು ಬಂದೆ. ಒಂದು ವಾರ ಆದ್ಮೇಲೆ ಮಧ್ಯಾಹ್ನ ಫೋನು.

"ಏನೇ, ಇದು ತೆಗಿಯೋಕೇ ಆಗ್ತಿಲ್ವಲ್ಲ, ಒತ್ತಿದ್ರೆ ಮುಚ್ಕೊಂಡ್ಬಿಡುತ್ತೆ, ಇಲ್ಲಿ ಗಿರಾಕಿ ನಿಂತಿದಾರೆ."

"ಅತ್ತಿಗೆ, ಅಳಿಸ್ಬೇಡಿ, ಹಾಗೇ ಇರ್ಲಿ, ಸಂಜೆ ಬರ್ತೀನಿ. ಈಗ ಟೇಪಿನಲ್ಲಿ ಮತ್ತೆ ತಗೊಂಡು ಚೀಟೀಲಿ ಬರ್ಕೊಳ್ಳಿ."

ಪುಕ್ಕಟೆ ಐಡೀಲಿ ಹಾಕಿದ ಆ್ಯಪ್ ಏಳು ದಿನ ಮಾತ್ರ ಓಡುತ್ತೆ, ಆಮೇಲೆ ಮತ್ತೆ ಮ್ಯಾಕ್‌ಗೆ ಜೋಡಿಸಿ ಹಾಕ್ಬೇಕು. ನಂಗೆ ಗೊತ್ತಿರ್ಲಿಲ್ಲ. ಗಿರಾಕಿ ಮುಂದೆ ಅತ್ತಿಗೆ ಪೇಚಾಡಿದ್ದು ನೆನಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಬೇರೆಯವ್ರ ದಿನದ ಕೆಲಸಕ್ಕೆ ಆ ಏಳು ದಿನದ ಬಿಲ್ಡ್ ಕೊಡ್ಬೇಡಿ, ಅವ್ರ ಕೆಲಸಾನೇ ಆ ಆ್ಯಪ್ ಮೇಲೆ ನಿಂತಿರುತ್ತೆ. ಅವತ್ತು ರಾತ್ರೀನೇ ಆಪಲ್ ಡೆವಲಪರ್ ಪ್ರೋಗ್ರಾಮ್‌ಗೆ ಸೇರ್ಕೊಂಡೆ. ವರ್ಷಕ್ಕೆ 99 ಡಾಲರ್, ಪ್ರತಿ ವರ್ಷ ಕಟ್ಬೇಕು. ಸೇರಿದ ಮೇಲೆ ಟೆಸ್ಟ್‌ಫ್ಲೈಟ್, ಅಂದ್ರೆ ಪರೀಕ್ಷೆಗೆ ಆ್ಯಪ್ ಹಂಚೋ ಆಪಲ್ ಸೌಲಭ್ಯದ ಮೂಲಕ ಕೊಟ್ಟೆ, ಅದ್ರಲ್ಲಿ ಒಂದು ಬಿಲ್ಡ್ 90 ದಿನ ಇರುತ್ತೆ. ತಿಂಗಳಿಗೆ 25 ಗಂಟೆ ಎಕ್ಸ್‌ಕೋಡ್ ಕ್ಲೌಡ್ (ಆಪಲ್‌ನ ಮ್ಯಾಕ್‌ಗಳಲ್ಲೇ ಆ್ಯಪ್ ಕಟ್ಟಿ ಕೊಡೋ ಸೇವೆ) ಕೂಡ ಅದೇ ದುಡ್ಡಲ್ಲಿ ಸೇರಿರುತ್ತೆ.

ಗೂಗಲ್ ಪ್ಲೇ ಖಾತೆಗೆ 25 ಡಾಲರ್, ಒಂದೇ ಸಲ. ದುಡ್ಡು ಕಡಿಮೆ, ಕಾಯೋದು ಹೆಚ್ಚು. ಗುರುತಿನ ದಾಖಲೆ ಕೊಡ್ಬೇಕು, ಅದ್ರಲ್ಲಿರೋ ಹೆಸರೂ ಖಾತೇಲಿರೋ ಹೆಸರೂ ಅಕ್ಷರಕ್ಕಕ್ಷರ ಹೊಂದ್ಬೇಕು. ನಾನು ಇನಿಷಿಯಲ್ ಬಿಟ್ಟು ತುಂಬಿದ್ದೆ, ಅದೊಂದಕ್ಕೆ ನಾಲ್ಕು ದಿನ ಜಾಸ್ತಿ ಹೋಯ್ತು. ನಿಜವಾದ ಆಂಡ್ರಾಯ್ಡ್ ಫೋನ್ ಒಂದು ಕೈಲಿದೆ ಅಂತಾನೂ ತೋರಿಸ್ಬೇಕು. ಇದಾದ್ಮೇಲೆ ದೊಡ್ಡ ಕಾಯುವಿಕೆ: 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಾದ್ರೆ ಆ್ಯಪ್‌ನ ಎಲ್ಲರಿಗೂ ಬಿಡೋ ಮುಂಚೆ ಕ್ಲೋಸ್ಡ್ ಟೆಸ್ಟ್, ಅಂದ್ರೆ ಆರಿಸಿದ ಜನಕ್ಕೆ ಮಾತ್ರ ಕೊಟ್ಟು ಪರೀಕ್ಷೆ, ಮಾಡ್ಬೇಕು, ಕನಿಷ್ಠ 12 ಜನ, ಸತತ 14 ದಿನ ಅದ್ರಲ್ಲಿ ಇರ್ಬೇಕು. ಮೊದ್ಲು 20 ಜನ ಅಂತಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದ್ರು. ನಾನು ಸರಿಯಾಗಿ ಹನ್ನೆರಡೇ ಜನನ ಸೇರಿಸಿದ್ದೆ. ಒಂಬತ್ತನೇ ದಿನ ಒಬ್ರು ಟೆಸ್ಟ್‌ನಿಂದ ಹೊರಗೆ ಬಂದ್ಬಿಟ್ರು. ಹನ್ನೊಂದಾಯ್ತು. ಅವ್ರ ಬದ್ಲು ಸೇರಿಸಿದೋರ 14 ದಿನ ಅವತ್ತಿಂದ ಶುರು. ನೀವು ಹದಿನೈದು, ಹದಿನಾರು ಜನನ ಸೇರಿಸ್ಕೊಳ್ಳಿ, ಮತ್ತೆ ಈ ಕೆಲಸ ಆ್ಯಪ್ ಪೂರ್ತಿ ಮುಗಿಯೋ ಮುಂಚೇನೇ ಶುರು ಮಾಡಿ, ತಿದ್ದೋದು ಒಂದು ಕಡೆ ನಡೀತಿರ್ಲಿ, ದಿನ ಒಂದು ಕಡೆ ಓಡ್ತಿರ್ಲಿ. ಅಪ್‌ಲೋಡ್ ಮಾಡೋ ಕೀಸ್ಟೋರ್ ಫೈಲ್ (ಆ್ಯಪ್ ನಮ್ದೇ ಅಂತ ಸಹಿ ಹಾಕೋ ಕೀಲಿ) ಮತ್ತು ಅದ್ರ ಪಾಸ್‌ವರ್ಡ್ ಎರಡು ಕಡೆ ಇಡಿ, ನಾನು ಲಿನಕ್ಸ್ ಹಾಕೋವಾಗ ಡಿಸ್ಕ್ ಪೂರ್ತಿ ಅಳಿಸಿದ್ದೆ, ಆಗ ಅದು ಅಲ್ಲಿ ಇದ್ದಿದ್ರೆ ಹೋಗಿರೋದು.

ಐಫೋನ್ ಕಡೆ ಮೊದಲ್ನೇ ಸಲ ವಾಪಸ್ ಬಂತು, ತಪ್ಪು ನಂದೇ. ಬಟ್ಟೆ ತುಂಡಿನ ಫೋಟೋ ತೆಗೆಯೋಕೆ ಕ್ಯಾಮೆರಾ ಅನುಮತಿ ಕೇಳಿದ್ದೆ, ಕಾರಣ ಅನ್ನೋ ಜಾಗದಲ್ಲಿ "ಕ್ಯಾಮೆರಾ ಬೇಕು" ಅಂತ ಮಾತ್ರ ಬರ್ದಿದ್ದೆ. ಯಾಕೆ ಬೇಕು, ಉದಾಹರಣೆಗೆ ಏನಕ್ಕೆ ಬಳಸ್ತೀರಿ ಅಂತ ಬಿಡಿಸಿ ಬರೀಬೇಕು. "ಗಿರಾಕಿ ಕೊಟ್ಟ ಬಟ್ಟೆಯ ಫೋಟೋ ಅಳತೆಯ ಜೊತೆ ಉಳಿಸೋಕೆ" ಅಂತ ಬರ್ದು ಕಳಿಸಿದೆ, ಮೊನ್ನೆ ರಾತ್ರಿ ಒಪ್ಪಿಗೆ ಬಂತು. ಪ್ರೈವಸಿ ಪಾಲಿಸಿಯ ಲಿಂಕ್ ಎರಡೂ ಕಡೆ ಕೇಳ್ತಾರೆ, ಅಳತೆ ಎಲ್ಲಾ ಫೋನಲ್ಲೇ ಉಳಿಯುತ್ತೆ, ಎಲ್ಲಿಗೂ ಹೋಗಲ್ಲ ಅಂತ ಒಂದು ಪುಟ ಮಾಡಿ ಹಾಕಿದೀನಿ.

ಒಟ್ಟು ಲೆಕ್ಕ ಹಾಕಿದ್ರೆ, ಬರೀ ಆಂಡ್ರಾಯ್ಡ್ ಸಾಕು ಅನ್ನೋ ಹಾಗಿದ್ರೆ ನನ್ನ ಖರ್ಚು ರ‍್ಯಾಮ್, ಎಸ್‌ಎಸ್‌ಡಿ, 25 ಡಾಲರ್ ಅಷ್ಟರಲ್ಲೇ ಮುಗೀತಿತ್ತು. ಐಫೋನ್ ಸೇರಿದ್ದಕ್ಕೆ ಒಟ್ಟು ಖರ್ಚಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮ್ಯಾಕ್ ಮಿನಿ ಮತ್ತೆ ಆಪಲ್ ಫೀಸೇ ಆಯ್ತು. ಕಳ್ಕೊಂಡ ಮುಂಗಡಾನ ಈ ಲೆಕ್ಕಕ್ಕೆ ಸೇರಿಸಿಲ್ಲ.

ನಿನ್ನೆ ಬೆಳಿಗ್ಗೆ ಅತ್ತಿಗೆ ಮನೆಗೆ ಹೋಗಿದ್ದೆ. ಟೆಸ್ಟ್ ಬಿಲ್ಡ್ ತೆಗೆದು ಸ್ಟೋರ್‌ದು ಹಾಕೋ ಮುಂಚೆ ಎಲ್ಲಾ ಅಳತೆ ಒಂದು ಫೈಲಿಗೆ ಎಕ್ಸ್‌ಪೋರ್ಟ್ ಮಾಡ್ಕೊಂಡೆ, ಯಾಕಂದ್ರೆ ಆ್ಯಪ್ ಅಳಿಸಿದ್ರೆ ಒಳಗಿರೋದೂ ಹೋಗುತ್ತೆ. ಅತ್ತಿಗೆ ಪಕ್ಕದಲ್ಲಿ ನೋಟ್‌ಬುಕ್ ಬಿಚ್ಕೊಂಡು ಕೂತಿದ್ರು, ಅಂಟ್ಕೊಂಡಿರೋ ಪುಟಗಳೂ ಅದ್ರಲ್ಲೇ ಇವೆ. ಹೊಸದು ಹಾಕಿ ಫೈಲ್ ತುಂಬಿಸಿದೆ. ಮೇಲ್ಗಡೆ 214 ಗಿರಾಕಿಗಳು ಅಂತ ತೋರಿಸ್ತು. ಹಳೇದ್ರಲ್ಲೂ 214 ಇತ್ತು. ಅತ್ತಿಗೆ ಮೂರು ಹೆಸರು ಆರಿಸಿ ಭುಜ, ಸೊಂಟ ಓದಿಸಿ ಪುಸ್ತಕದ ಜೊತೆ ತಾಳೆ ನೋಡಿದ್ರು, ಸರಿ ಇತ್ತು, ಟೇಪು ಕುತ್ತಿಗೆಗೆ ಹಾಕ್ಕೊಂಡು ಎದ್ರು.